ಜುನೀ ಮಿಲ್ ಯಾರದು?

(ಸೋಲಾಪುರದ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ಮುರಾರ್ಜಿ ಪೇಠದ ಜುನೀ ಮಿಲ್ ಅನ್ನೋ ಬಟ್ಟೆ ಗಿರಣಿ ಬಗ್ಗೆ ಮಾತಾಡ್ರಿ ಅಂತ ಕೇಳಿದಾಗ ನಾನು ಒಂದು ಷರತ್ತು ಹಾಕಿದ್ದೆ. ಚಿಮಣಿ ಮತ್ತು ಭೋಂಗಾದ (ಪಾಳಿಯ ಸೈರನ್ನಿನ) ಬಗ್ಗೆ ಜಾಸ್ತಿ ಹೇಳೋದಿಲ್ಲ ಅಂತ. ನಮ್ಮೂರಲ್ಲಿ ಗಿರಣಿ ಅಂದ ಕೂಡಲೇ ಅವೆರಡೇ ನೆನಪಿಗೆ ಬರ್ತವೆ. ಭೋಂಗಾ ಕೂಗಿದರೆ ಮನೆಯಲ್ಲಿ ಬುತ್ತಿ ಕಟ್ಟುವ ಗಡಿಬಿಡಿ, ರೈಲಿನ ಕಿಟಕಿಯಿಂದ ಚಿಮಣಿ ಕಂಡರೆ ಊರು ಬಂತು ಅನ್ನೋ ಸಮಾಧಾನ. ಅದು ಸುಳ್ಳಲ್ಲ. ಆದರೆ ಭೋಂಗಾ ಕೇಳಿಸಿದ್ದು ಹೊರಗಿನವರಿಗೆ, ಚಿಮಣಿ ಕಂಡದ್ದೂ ಹೊರಗಿನವರಿಗೇ. ಮಂದಿ ಹತ್ತು ಹನ್ನೆರಡು ತಾಸು ನಿಂತು ದುಡಿದದ್ದು ಅವೆರಡರ ನಡುವಿನ ಕಟ್ಟಡದ ಒಳಗೆ. ಆ ಕಟ್ಟಡದ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ನಾನು ಕಟ್ಟಡ ಕಟ್ಟುವ ವಿದ್ಯೆ ಕಲಿಸಿಕೊಂಡು ಬಂದವನು, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಕಾಗದಪತ್ರದಲ್ಲಿ ಇದರ ಹೆಸರು ಸೋಲಾಪುರ ಸ್ಪಿನ್ನಿಂಗ್ ಆ್ಯಂಡ್ ವೀವಿಂಗ್ ಕಂಪನಿ. ಊರಿನವರಿಗೆ ಜುನೀ ಮಿಲ್, ಅಂದರೆ ಹಳೇ ಗಿರಣಿ. ಲಕ್ಷ್ಮೀ, ವಿಷ್ಣು, ನರಸಿಂಗ ಗಿರ್ಜಿ, ಜಾಮ್ ಮಿಲ್ ಎಲ್ಲ ಆಮೇಲೆ ಬಂದವು. ಇದನ್ನು ಎಬ್ಬಿಸಿದವರು ಮುಂಬಯಿಯ ವ್ಯಾಪಾರಿ ಮೊರಾರ್ಜಿ ಗೋಕುಲದಾಸ್. ಪೇಠಕ್ಕೆ ಅವರದೇ ಹೆಸರು. ಕಂಪನಿ ಹುಟ್ಟಿದ್ದು 1874ರಲ್ಲಿ. ಮುಂಬಯಿ ಸೇಠ್ ಇಷ್ಟು ದೂರ ಬಂದು ಯಾಕೆ ಗಿರಣಿ ಹಾಕಿದ ಅಂದ್ರೆ, 1860ರಲ್ಲೇ ಇಲ್ಲಿಗೆ ರೈಲು ಬಂದಿತ್ತು. ಸುತ್ತಲೂ ಎರಿ ಭೂಮಿ, ಹತ್ತಿ ಬೆಳೆಯೋ ಸೀಮೆ. ಹತ್ತಿಯನ್ನು ಮುಂಬಯಿಗೆ ಹೊತ್ತು, ನೂಲು ಮಾಡಿ, ಮತ್ತೆ ಇಲ್ಲಿನ ನೇಕಾರರಿಗೆ ತಂದು ಮಾರೋದರ ಬದಲು ಯಂತ್ರವನ್ನೇ ಇಲ್ಲಿಗೆ ತಂದರೆ ಆಯ್ತಲ್ಲ ಅನ್ನೋ ಲೆಕ್ಕ. ಅದಾಗಿ ಎರಡು ವರ್ಷಕ್ಕೇ 1876–78ರ ದೊಡ್ಡ ಬರ. ಸೋಲಾಪುರ, ವಿಜಯಪುರ, ಕಲಾದಗಿ ಕಡೆಯ ಹಳ್ಳಿಗಳು ಬರಿದಾದವು. ಕೂಲಿ ಅಗ್ಗವಾಗಿ ಸಿಗೋದಕ್ಕೆ ಅದೂ ಒಂದು ಕಾರಣ. ಉದ್ಯಮಿಯ ದೂರದೃಷ್ಟಿ ಅಂತ ಹೊಗಳುವಾಗ ಈ ಬರವನ್ನು ಬಿಟ್ಟುಬಿಡೋದು ನನಗೆ ಸರಿ ಕಾಣೋದಿಲ್ಲ.

ಈಗ ಕಟ್ಟಡ.

ಆ ಕಾಲದ ಗಿರಣಿಗಳಲ್ಲಿ ನೂಲುವ ಖಾತೆ, ಅಂದರೆ ವಿಭಾಗ, ಸಾಮಾನ್ಯವಾಗಿ ಮಹಡಿ ಮೇಲೆ ಮಹಡಿ ಇರ್ತಿತ್ತು. ನೇಯುವ ಖಾತೆ ಮಾತ್ರ ನೆಲದ ಮೇಲೇ ಹರಡಿಕೊಂಡಿರ್ತಿತ್ತು. ನೂರಾರು ಮಗ್ಗ ಒಟ್ಟಿಗೆ ಬಡಿಯೋ ಹೊಡೆತಕ್ಕೆ ಮಹಡಿ ತಾಳೋದಿಲ್ಲ, ಅದಕ್ಕೇ. ಹಾಗೆ ನೆಲದ ಮೇಲೆ ಎಕರೆಗಟ್ಟಲೆ ಹರಡಿದ ಒಂದೇ ಕೋಣೆ ಮಾಡಿದರೆ ಬೆಳಕಿನ ತೊಂದರೆ ಶುರು. ಗೋಡೆಯ ಕಿಟಕಿಯಿಂದ ಬಂದ ಬೆಳಕು ಕೋಣೆಯ ನಡುವಿಗೆ ಮುಟ್ಟೋದಿಲ್ಲ. ಹಾಗಾಗಿ ಬೆಳಕನ್ನು ಮೇಲಿನಿಂದ ತಂದರು. ಛಾವಣಿ ಗರಗಸದ ಹಲ್ಲಿನ ಹಾಗೆ ಸಾಲು ಸಾಲು. ಪ್ರತಿ ಹಲ್ಲಿಗೂ ಒಂದು ಮಗ್ಗುಲು ಇಳಿಜಾರು ಹಂಚು, ಇನ್ನೊಂದು ಮಗ್ಗುಲು ಗಾಜು. ಗಾಜಿನ ಮುಖ ಯಾವಾಗಲೂ ಉತ್ತರಕ್ಕೆ. ನಮ್ಮ ಕಡೆ ವರ್ಷದ ಹೆಚ್ಚಿನ ಕಾಲ ಬಿಸಿಲು ದಕ್ಷಿಣದಿಂದ ಬೀಳ್ತದೆ. ಉತ್ತರದ ಗಾಜಿನಿಂದ ಬರೋದು ಬಿಸಿಲಲ್ಲ, ಬರೀ ಆಕಾಶದ ಬೆಳಕು. ಕಣ್ಣಿಗೆ ಕುಕ್ಕೋದಿಲ್ಲ, ಎಳೆಯ ಮೇಲೆ ನೆರಳು ಬೀಳೋದಿಲ್ಲ, ಬೆಳಗ್ಗೆ ಸಂಜೆ ಅಂತ ಜಾಸ್ತಿ ಬದಲಾಗೋದಿಲ್ಲ. ಹರಿದ ಒಂದು ಎಳೆಯನ್ನು ಹುಡುಕಿ ಗಂಟು ಹಾಕೋನಿಗೆ ಇದಕ್ಕಿಂತ ಒಳ್ಳೇ ಬೆಳಕಿಲ್ಲ. ಚಿತ್ರ ಬರೆಯೋರು ಇವತ್ತಿಗೂ ಉತ್ತರದ ಕಿಟಕಿಯನ್ನೇ ಕೇಳ್ತಾರೆ.

ಎರಡು ಹಲ್ಲುಗಳ ನಡುವೆ ಕಣಿವೆ ಇರ್ತದಲ್ಲ, ಮಳೆನೀರು ಅಲ್ಲಿ ನಿಲ್ತದೆ. ಆ ನೀರು ಹೋಗೋದೆಲ್ಲಿಗೆ? ಛಾವಣಿ ಹೊತ್ತ ಬೀಡುಕಬ್ಬಿಣದ ಕಂಬಗಳು ಒಳಗೆ ಟೊಳ್ಳು. ಎಷ್ಟೋ ಗಿರಣಿಗಳಲ್ಲಿ ಅದೇ ಕಂಬದ ಒಳಗಿನಿಂದ ನೀರು ಇಳಿದು ನೆಲದಡಿಯ ಮೋರಿಗೆ ಸೇರ್ತಿತ್ತು. ಕಂಬವೇ ಕೊಳವೆ. ಮುಚ್ಚಿದ ಗಿರಣಿಯೊಂದರ ಒಳಗೆ ನಾನು ಕಂಬಕ್ಕೆ ಬೆರಳಿನಿಂದ ತಟ್ಟಿ ನೋಡಿದ್ದೆ, ಸದ್ದಿನಲ್ಲೇ ಟೊಳ್ಳು ಗೊತ್ತಾಗ್ತದೆ. ಅದೇ ಕಂಬದ ತಲೆಯ ಹತ್ತಿರ ಒಂದು ಕಿವಿ ಚಾಚಿಕೊಂಡಿತ್ತು, ಎರಡು ಬೋಲ್ಟಿನ ತೂತು ಸಮೇತ. ಅಲ್ಲಿ ಲೈನ್ ಶಾಫ್ಟ್ ಅನ್ನೋ ಉದ್ದನೆಯ ತಿರುಗುವ ಸರಳು ಕೂರ್ತಿತ್ತು. ಒಂದೊಂದು ಮಗ್ಗಕ್ಕೂ ಒಂದೊಂದು ಮೋಟಾರು ಇಲ್ಲದ ಕಾಲ ಅದು. ಎಂಜಿನ್ ಮನೆಯಲ್ಲಿ ಒಂದೇ ಉಗಿಯಂತ್ರ. ಅಲ್ಲಿಂದ ಹಗ್ಗ, ಹಗ್ಗದಿಂದ ಶಾಫ್ಟ್, ಶಾಫ್ಟಿನಿಂದ ಚರ್ಮದ ಪಟ್ಟಿ ಒಂದೊಂದು ಮಗ್ಗಕ್ಕೆ ಇಳೀತಿತ್ತು. ಇಡೀ ಗಿರಣಿ ಒಂದೇ ಯಂತ್ರ ಅನ್ನಿ. ಕಂಬದಿಂದ ಕಂಬಕ್ಕೆ ಎಷ್ಟು ಅಂತರ ಅನ್ನೋದನ್ನೂ ಮಗ್ಗದ ಅಗಲ ನೋಡಿಯೇ ಇಡ್ತಿದ್ದರು. ನೆಲದ ಕಡೆ ನೋಡಿದರೆ ಮಗ್ಗ ಕಿತ್ತ ಜಾಗದಲ್ಲಿ ಕತ್ತರಿಸಿದ ಬೋಲ್ಟಿನ ಮೊಂಡುಗಳು, ನಡುವೆ ನೇಕಾರ ನಿಂತು ನಿಂತು ಸವೆದ ನೆಲ.

ಇದೆಲ್ಲ ಜಾಣತನದ ಕೆಲಸ, ಒಪ್ಪಿಕೊಳ್ಳೋಣ. ಆದರೆ ಆ ಜಾಣತನ ಎಳೆಯ ಸಲುವಾಗಿ ಇತ್ತು, ಮನುಷ್ಯನ ಸಲುವಾಗಿ ಅಲ್ಲ. ಹತ್ತಿ ಎಳೆ ಒಣಗಾಳಿಯಲ್ಲಿ ಪಟಪಟ ಹರೀತದೆ, ತೇವ ಇದ್ದರೆ ಗಟ್ಟಿ. ಸೋಲಾಪುರದ ಗಾಳಿ ಮೊದಲೇ ಒಣ. ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿರುವಾಗ ಕಿಟಕಿ ಮುಚ್ಚಿದ ಖಾತೆಯ ಒಳಗೆ ತೇವ ತುಂಬಬೇಕಿತ್ತು. ಗಾಳಿಯಲ್ಲಿ ಹತ್ತಿಯ ಧೂಳು ಬೇರೆ. ಎದೆ ಬಿಗಿದು ಕೆಮ್ಮುವ ಆ ರೋಗಕ್ಕೆ ವೈದ್ಯರು ಬಿಸಿನೋಸಿಸ್ ಅಂತಾರೆ. ರಜೆ ಮುಗಿಸಿ ವಾರದ ಮೊದಲ ದಿನ ಕೆಲಸಕ್ಕೆ ಬಂದಾಗ ಜಾಸ್ತಿ ಆಗೋದು ಅದರ ಗುರುತು. ವಿದ್ಯುತ್ ದೀಪ ಬರೋ ತನಕ ಕೆಲಸದ ಹೊತ್ತು ಸೂರ್ಯನ ಕೈಯಲ್ಲಿತ್ತು. ದೀಪ ಬಂದ ಮೇಲೆ ಆ ಮಿತಿಯೂ ಹೋಯ್ತು. 1881ರ ಮೊದಲ ಫ್ಯಾಕ್ಟರಿ ಕಾಯ್ದೆ ತಂದ ದೊಡ್ಡ ಸುಧಾರಣೆ ಏನು ಗೊತ್ತೇನ್ರಿ? ಏಳು ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳಬಾರದು, ಏಳರಿಂದ ಹನ್ನೆರಡರವರೆಗಿನವರಿಗೆ ದಿನಕ್ಕೆ ಒಂಬತ್ತೇ ತಾಸು ಕೆಲಸ. ಅದು ಸುಧಾರಣೆ!

ಒಳಗೆ ಯಾರಿದ್ದರು? ಕನ್ನಡದವರು, ಮರಾಠಿಯವರು, ತೆಲುಗಿನ ಪದ್ಮಶಾಲಿಗಳು. ಕೆಲಸ ಮಾಡಿಸೋ ಮೇಸ್ತ್ರಿ, ಅಂದರೆ ಜಾಬರ್, ಬೈಯೋದು ಒಂದು ಭಾಷೆ, ಪಕ್ಕದವನು ಸಮಾಧಾನ ಹೇಳೋದು ಇನ್ನೊಂದು. ಸೋಲಾಪುರದವರಿಗೆ ಮೂರು ಭಾಷೆ ಬರ್ತದೆ ಅಂತ ನಾವು ಹೆಮ್ಮೆಪಡ್ತೀವಲ್ಲ, ಅದಕ್ಕೆ ಈ ಖಾತೆಗಳ ಪಾಲೂ ದೊಡ್ಡದು. ನಾವು ನೆನೆಯದೇ ಬಿಡೋ ಇನ್ನೊಂದು ಗುಂಪಿದೆ. 1871ರಲ್ಲಿ ಶುರುವಾದ ಕಾಯ್ದೆಯಡಿ ಇಂಗ್ಲಿಷ್ ಸರ್ಕಾರ ಕೆಲವು ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಬರೆದಿಟ್ಟಿತು. ಅಂಥ ಕುಟುಂಬಗಳನ್ನು ಸೋಲಾಪುರದ ಸೆಟಲ್‌ಮೆಂಟಿನಲ್ಲಿ ತಂತಿಬೇಲಿ ಒಳಗೆ ಇಟ್ಟು, ಹಾಜರಿ ತಗೊಂಡು, ಗಿರಣಿ ಕೆಲಸಕ್ಕೆ ಕಳಿಸ್ತಿದ್ದರು. ಹಗಲು ಗಿರಣಿ, ರಾತ್ರಿ ಬೇಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರ ಆಗಸ್ಟ್ 31ರಂದು, ಆ ಕಾಯ್ದೆ ದೇಶದಾದ್ಯಂತ ರದ್ದಾಯ್ತು. ಗಿರಣಿಯ ಪರಂಪರೆ ಅಂತ ಯಾರಾದರೂ ಫಲಕ ಹಾಕೋದಾದರೆ ಈ ಬೇಲಿಯೂ ಅದರಲ್ಲಿರಬೇಕು ಅಂತ ನನ್ನ ಹಟ.

1930ರ ಮೇ ತಿಂಗಳಿನ ಕತೆ ನಿಮಗೆ ಗೊತ್ತೇ ಇದೆ. ಗಾಂಧೀಜಿ ಬಂಧನದ ಸುದ್ದಿ ಬಂತು, ಗಿರಣಿ ಕಾರ್ಮಿಕರು ಬೀದಿಗೆ ಇಳಿದರು, ಪೊಲೀಸರು ಊರು ಬಿಟ್ಟರು, ಮಾರ್ಷಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಕಿಸನ್ ಸಾರಡಾ, ಕುರ್ಬಾನ್ ಹುಸೇನ್ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿಸಿದರು. ಅದನ್ನು ಇಲ್ಲಿ ಬೆಳೆಸೋದಿಲ್ಲ, ಅದಕ್ಕೇ ಒಂದು ಸಂಜೆ ಬೇಕು.

ನನಗೆ ಇವತ್ತು ಹೆಚ್ಚು ಹೇಳಬೇಕಾಗಿರೋದು 1949ರ ಮಾತು. ಕಾನೂನು ಓದಿದವರಿಗೆಲ್ಲ ಸೋಲಾಪುರ ಮಿಲ್ ಕೇಸು ಗೊತ್ತು. ಗಿರಣಿ ಮುಂದೇ ಹಾದುಹೋಗುವ ನಮಗೆ ಗೊತ್ತಿರೋದಿಲ್ಲ.

1949ರ ಆಗಸ್ಟಿನಲ್ಲಿ ಜುನೀ ಮಿಲ್ ಮುಚ್ಚಿತು. ಸಾವಿರಾರು ಮಂದಿ ಒಮ್ಮೆಲೇ ಹೊರಗೆ. ಬಟ್ಟೆಗೂ ಆಗ ದೇಶದಲ್ಲಿ ಬರ. ಆಡಳಿತ ಕೆಟ್ಟದ್ದರಿಂದ ಹೀಗಾಯ್ತು ಅನ್ನೋದು ಸರ್ಕಾರದ ವಾದ. 1950ರ ಜನವರಿ 9ರಂದು ಈ ಒಂದು ಗಿರಣಿಗೋಸ್ಕರವೇ ಸುಗ್ರೀವಾಜ್ಞೆ ಹೊರಟಿತು. ಸಂವಿಧಾನ ಜಾರಿಗೆ ಬರೋದಕ್ಕೆ ಇನ್ನೂ ಹದಿನೇಳು ದಿನ ಇತ್ತು. ಆಮೇಲೆ ಅದೇ ಪಾರ್ಲಿಮೆಂಟಿನ ಕಾಯ್ದೆ ಆಯ್ತು. ಕಂಪನಿ ನಡೆಸುತ್ತಿದ್ದ ಮ್ಯಾನೇಜಿಂಗ್ ಏಜೆಂಟರನ್ನು ತೆಗೆದು ಸರ್ಕಾರ ತನ್ನ ನಿರ್ದೇಶಕರನ್ನು ಕೂರಿಸಿತು. ಷೇರುದಾರರ ಕೈಯಲ್ಲಿ ಷೇರು ಉಳೀತು, ಮಾತು ಉಳೀಲಿಲ್ಲ.

ಚಿರಂಜಿತ್ ಲಾಲ್ ಚೌಧುರಿ ಅನ್ನೋ ಷೇರುದಾರರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟಿಗೂ ಆಗ ವರ್ಷ ತುಂಬಿರಲಿಲ್ಲ. ಅವರ ವಾದ ಸರಳ: ದೇಶದಲ್ಲಿ ಕೆಟ್ಟ ಆಡಳಿತದ ಕಂಪನಿಗಳು ಎಷ್ಟೋ ಇವೆ, ನಮ್ಮದೊಂದಕ್ಕೇ ಕಾಯ್ದೆ ಯಾಕೆ? ಸಮಾನತೆ ಎಲ್ಲಿ ಹೋಯ್ತು? 1950ರ ಡಿಸೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಕಾಯ್ದೆಯನ್ನು ಎತ್ತಿಹಿಡಿದರು. ವಿಶೇಷ ಕಾರಣ ಇದ್ದರೆ ಒಂದೇ ಕಂಪನಿಯನ್ನೂ ಬೇರೆ ವರ್ಗ ಅಂತ ಎಣಿಸಬಹುದು ಅಂದರು. ಪತಂಜಲಿ ಶಾಸ್ತ್ರಿ ಮತ್ತು ಎಸ್.ಆರ್. ದಾಸ್ ಒಪ್ಪಲಿಲ್ಲ. ಆ ಇಬ್ಬರ ಭಿನ್ನಮತ ಓದಿದರೆ ಅದೂ ನ್ಯಾಯವೇ ಅನಿಸ್ತದೆ, ನನಗಂತೂ.

ಕತೆ ಅಲ್ಲಿಗೆ ಮುಗೀಲಿಲ್ಲ. ಸರ್ಕಾರ ಕೂರಿಸಿದ ನಿರ್ದೇಶಕರು ದುಡ್ಡು ಬೇಕಾದಾಗ ಪ್ರಿಫರೆನ್ಸ್ ಷೇರುದಾರರ (ಲಾಭಾಂಶದಲ್ಲಿ ಮೊದಲ ಹಕ್ಕು ಇರೋರ) ಹತ್ತಿರ ಷೇರಿಗೆ 50 ರೂಪಾಯಿ ಕಟ್ಟಿರಿ ಅಂದರು. ದ್ವಾರಕಾದಾಸ್ ಶ್ರೀನಿವಾಸ್ ಅನ್ನೋರು ಇದರ ಮೇಲೆ ಕೇಸು ಹಾಕಿದರು. 1953ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದೇ ಕಾಯ್ದೆಯನ್ನು ಹೊಡೆದುಹಾಕಿತು. ಪರಿಹಾರ ಕೊಡದೆ ಆಸ್ತಿ ಕಿತ್ತುಕೊಂಡ ಹಾಗಾಯ್ತು ಅಂತ. ಸರ್ಕಾರ ಸುಮ್ಮನಿರಲಿಲ್ಲ. 1955ರ ನಾಲ್ಕನೇ ತಿದ್ದುಪಡಿಗೆ ಕಾರಣವಾದ ತೀರ್ಪುಗಳಲ್ಲಿ ಇದೂ ಒಂದು. ಸಾರ್ವಜನಿಕ ಹಿತಕ್ಕಾಗಿ ಒಂದು ಅವಧಿಯವರೆಗೆ ಆಡಳಿತ ವಹಿಸಿಕೊಳ್ಳೋದಕ್ಕೆ ಆ ತಿದ್ದುಪಡಿ ದಾರಿ ಮಾಡಿತು. ಮುಂದೆ 1974ರಲ್ಲಿ 103 ರೋಗಗ್ರಸ್ತ ಗಿರಣಿಗಳು ರಾಷ್ಟ್ರೀಕರಣ ಆದವಲ್ಲ, ಅದಕ್ಕೆ ಹಿನ್ನೆಲೆ ಇಲ್ಲಿಂದ. ಆ ಸಾಲಿನ ಬೆಂಗಳೂರಿನ ಮಿನರ್ವ ಮಿಲ್ ಇನ್ನೂ ದೊಡ್ಡ ಕೇಸಾಗಿ 1980ರಲ್ಲಿ ತೀರ್ಪು ಬಂತು. ಗಿರಣಿಗಳು ಬಟ್ಟೆಯ ಜೊತೆಗೆ ಸಂವಿಧಾನವನ್ನೂ ನೇಯ್ದವು ಅಂತ ಯಾರೋ ಭಾಷಣದಲ್ಲಿ ಅಂದರೆ ಚಪ್ಪಾಳೆ ಬೀಳ್ತದೆ. ನಾನು ಅನ್ನೋದಿಲ್ಲ, ಅಷ್ಟು ಸುಂದರವಾದ ವಿಷಯ ಅಲ್ಲ ಅದು. ಜಗಳ ಇದ್ದದ್ದು ಒಂದೇ ಪ್ರಶ್ನೆಗೆ: ಗಿರಣಿ ಬರೀ ಷೇರುದಾರರದೋ, ಅದನ್ನು ನಂಬಿ ಬದುಕೋ ಊರಿನದೂ ಹೌದೋ?

ಈ ಪ್ರಶ್ನೆಯನ್ನು ಗಿರಣಿ ನಡೆಯುವಾಗ ಪಾರ್ಲಿಮೆಂಟು ಕೇಳಿತು, ಸುಪ್ರೀಂ ಕೋರ್ಟು ಕೇಳಿತು. ಗಿರಣಿ ಕಾಯಂ ಆಗಿ ಮುಚ್ಚಿ ಬರೀ ಜಾಗ ಆದ ಮೇಲೆ ಯಾರೂ ಕೇಳಲಿಲ್ಲ. ಈಗ ಜುನೀ ಮಿಲ್ ಕಂಪೌಂಡಿನಲ್ಲಿ ಮನೆಗಳಿವೆ, ಅಂಗಡಿಗಳಿವೆ. ಮನೆ ಬೇಡ ಅನ್ನೋದಕ್ಕೆ ನಾನು ಯಾರು? ಊರು ಬೆಳೀತದೆ, ಮಂದಿಗೆ ಮನೆ ಬೇಕು. ಕಲಬುರಗಿಯ ಎಂ.ಎಸ್.ಕೆ. ಮಿಲ್ ಕತೆಯೂ ಸುಮಾರು ಹೀಗೇ, ಈಗ ಅದೊಂದು ಬಡಾವಣೆ. ನನ್ನ ತಕರಾರು ಬೇರೆ. ಗಿರಣಿ ಜಾಗಕ್ಕೆ ಏನಾಗಬೇಕು ಅಂತ ಚರ್ಚೆ ನಡೆದಾಗಲೆಲ್ಲ ಎದುರಿಗೆ ಇರೋದು ಎಕರೆ ಲೆಕ್ಕ. ಆ ಎಕರೆ ಮೇಲೆ ಒಂದು ಕಟ್ಟಡ ನಿಂತಿದೆ, ಅದಕ್ಕೂ ಬೆಲೆ ಇದೆ ಅನ್ನೋದು ಲೆಕ್ಕಕ್ಕೇ ಬರೋದಿಲ್ಲ.

ಮುಂಬಯಿಯಲ್ಲಿ ಏನಾಯ್ತು ನೋಡ್ರಿ. 1991ರ ನಿಯಮದ ಪ್ರಕಾರ ಗಿರಣಿ ಜಾಗ ಮಾರಾಟಕ್ಕೆ ಬಂದರೆ ಸರಿಸುಮಾರು ಮೂರು ಪಾಲು: ಒಂದು ಪಾಲಿಕೆಗೆ ಮೈದಾನ ಉದ್ಯಾನಕ್ಕೆ, ಒಂದು ಮ್ಹಾಡಾ ಅನ್ನೋ ರಾಜ್ಯದ ಗೃಹಮಂಡಳಿಗೆ ಬಡವರ ಮನೆಗೆ, ಒಂದು ಮಾಲೀಕನಿಗೆ. ಕೇಳೋದಕ್ಕೆ ಎಷ್ಟು ಚೆಂದ! 2001ರಲ್ಲಿ ನಿಯಮ ತಿದ್ದಿದರು. ಪಾಲು ಮಾಡಬೇಕಾದದ್ದು ಇಡೀ ಜಾಗವನ್ನಲ್ಲ, ಮೊದಲೇ ಖಾಲಿ ಇದ್ದ ಜಾಗವನ್ನಷ್ಟೇ ಅಂತ. ಗಿರಣಿ ಅಂದರೆ ಮೂಲೆಯಿಂದ ಮೂಲೆಗೆ ಕಟ್ಟಡ. ಖಾಲಿ ಜಾಗ ಎಲ್ಲಿಂದ ಬರಬೇಕು? ಕಟ್ಟಡ ಕೆಡವಿದ ಮೇಲೆ ಆದ ಖಾಲಿ ಜಾಗ ಲೆಕ್ಕಕ್ಕಿಲ್ಲ. ಊರಿಗೆ ಸಿಕ್ಕದ್ದು ತುಣುಕು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಫೀನಿಕ್ಸ್ ಮಿಲ್ ಮಾಲ್ ಆಯ್ತು, ಕಮಲಾ ಮಿಲ್ ಕಚೇರಿ ಹೋಟೆಲುಗಳ ಕಂಪೌಂಡ್ ಆಯ್ತು. 2017ರ ಡಿಸೆಂಬರ್ 28ರ ನಡುರಾತ್ರಿ ಕಳೆದ ಮೇಲೆ ಕಮಲಾ ಮಿಲ್ಸಿನ ಮಹಡಿ ಮೇಲಿನ ಪಬ್ಬಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಹಳೇ ಗಿರಣಿಗೆ ಹೊಸ ಬಳಕೆ ಅಂದ ಕೂಡಲೇ ಕೈ ತಟ್ಟುವವರು ಅದನ್ನೂ ನೆನಪಿಟ್ಟುಕೊಳ್ಳಬೇಕು.

ಕೊಲ್ಹಾಪುರದ ದಾರಿ ಬೇರೆ. ಅಲ್ಲಿ ಶಾಹೂ ಮಹಾರಾಜರು 1906ರಲ್ಲಿ ಹಾಕಿಸಿದ ಗಿರಣಿ ಊರ ನಡುವೆಯೇ ಇದೆ, ಕೋಟಿತೀರ್ಥ ಕೆರೆಯ ಮಗ್ಗುಲಲ್ಲಿ. 2003ರಲ್ಲಿ ಮುಚ್ಚಿತು. 2022ರ ಮೇ ತಿಂಗಳಲ್ಲಿ ಮಹಾರಾಜರು ತೀರಿಹೋಗಿ ನೂರು ವರ್ಷ ಆದ ಸಂದರ್ಭಕ್ಕೆ ಅದರ ಬಾಗಿಲು ತೆಗೆದು ಒಳಗೆ ಪ್ರದರ್ಶನ ಏರ್ಪಡಿಸಿದರು. ಸ್ಮಾರಕದ ಯೋಜನೆ ವರ್ಷಗಟ್ಟಲೆ ಮಾತಿನಲ್ಲೇ ಇದೆ, ಅದು ಬೇರೆ ವಿಚಾರ. ಆದರೆ ಊರಿನ ಮಂದಿ ಗಿರಣಿಯ ಒಳಗೆ ಹೆಜ್ಜೆ ಇಟ್ಟರಲ್ಲ, ಅದು ದೊಡ್ಡದು. ಗಿರಣಿಯಲ್ಲಿ ದುಡಿಯದವರು ಯಾವತ್ತೂ ಗೇಟಿನ ಹೊರಗಿನಿಂದಲೇ ನೋಡಿದವರು. ಕೊಲ್ಹಾಪುರದಲ್ಲಿ ಇದು ಸಾಧ್ಯ ಆದದ್ದಕ್ಕೆ ಒಂದು ಕಾರಣ ಅದು ರಾಜರ ಗಿರಣಿ ಅನ್ನೋ ಅಭಿಮಾನ. ನಮ್ಮಲ್ಲಿ ಸೇಠರ ಗಿರಣಿ. ಸೇಠರು ಹೋದರು, ಅಭಿಮಾನಕ್ಕೆ ವಾರಸುದಾರರು ಯಾರೂ ಇಲ್ಲ.

ಹಾಗಾದರೆ ಉಳಿದಿರೋ ಗಿರಣಿ ಕಟ್ಟಡಗಳಿಗೆ ಏನು ಮಾಡಬಹುದು? ಚಿಮಣಿ ಒಂದನ್ನು ಉಳಿಸಿ ಸುತ್ತಲೂ ಹುಲ್ಲು ಬೆಳೆಸಿ ಫೋಟೋ ತೆಗೆದುಕೊಳ್ಳುವ ಜಾಗ ಮಾಡೋದು ಸುಲಭದ ದಾರಿ. ನಾನು ಅದಕ್ಕೆ ವಿರೋಧ. ಚಿಮಣಿ ಮೇಲೆ ನಮ್ಮೂರಿಗೆ ಎಷ್ಟು ಮೋಹ ಇದೆ, ಎಷ್ಟು ಸಿಟ್ಟಿದೆ ಅನ್ನೋದು 2023ರ ಜೂನ್ 15ರಂದು ಗೊತ್ತಾಯ್ತು. ವಿಮಾನಕ್ಕೆ ಅಡ್ಡ ಅಂತ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ವಿದ್ಯುತ್ ಘಟಕದ (ಕೋಜನರೇಶನ್) ಚಿಮಣಿ ಉರುಳಿಸಿದರು. ಅದು ಹಳೇದೂ ಅಲ್ಲ, ಗಿರಣಿಯದೂ ಅಲ್ಲ. ಆದರೂ ಊರೇ ಎರಡು ಭಾಗ. ಅದರ ನೂರರಲ್ಲಿ ಒಂದು ಪಾಲು ಗದ್ದಲ ಯಾವುದಾದರೂ ನೇಯ್ಗೆ ಖಾತೆಯ ಛಾವಣಿ ಕಿತ್ತಾಗ ಆಗಿದೆಯಾ?

ಬಳಸೋದಕ್ಕೆ ಬರೋದು ಆ ಖಾತೆಯೇ. ಅಲ್ಲಿ ಹಗಲೆಲ್ಲ ದೀಪ ಬೇಡ. ನಡುವೆ ಗೋಡೆ ಇಲ್ಲ, ಬೇಕಾದ ಹಾಗೆ ಅಡ್ಡಗೋಡೆ ಇಟ್ಟು ತೆಗೆಯಬಹುದು. ನಮ್ಮೂರ ಚಾದರು, ಟವೆಲು ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಪಡೆದವು. ಅವನ್ನು ನೇಯುವ ಸಣ್ಣ ಪವರ್‌ಲೂಮ್‌ನವರು ಇಕ್ಕಟ್ಟಿನ ಶೆಡ್ಡಿನಲ್ಲಿ, ಟ್ಯೂಬ್‌ಲೈಟಿನಡಿ ಕೆಲಸ ಮಾಡ್ತಾರೆ. ಡಿಸೈನ್ ಕಲಿಸೋ ಜಾಗ, ಬಟ್ಟೆ ಪರೀಕ್ಷಿಸೋ ಜಾಗ, ಕೊಳ್ಳೋರಿಗೆ ತೋರಿಸೋ ಜಾಗ ಇವರಿಗೆ ಬೇಕು. ಬಟ್ಟೆಯ ಬಣ್ಣ ನೋಡೋದಕ್ಕೆ ಉತ್ತರದ ಬೆಳಕಿಗಿಂತ ಬೇರೆ ಬೇಕಾ? ಒಂದು ಮೂಲೆಯಲ್ಲಿ ವಸ್ತುಸಂಗ್ರಹಾಲಯ ಇರಲಿ, ಬೇಡ ಅನ್ನೋದಿಲ್ಲ. ಇಡೀ ಕಟ್ಟಡ ವಸ್ತುಸಂಗ್ರಹಾಲಯ ಆದರೆ ಮೂರು ವರ್ಷಕ್ಕೆ ಬೀಗ ಬೀಳ್ತದೆ.

ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಆಮೇಲೆ ಹಿರಿಯರೊಬ್ಬರು ಎದ್ದು, “ಸರ್, ಕೆಡವಿ ಹೊಸದು ಕಟ್ಟೋದೇ ಅಗ್ಗ ಅಲ್ಲೇನ್ರಿ?” ಅಂದರು. ಎಷ್ಟೋ ಸಲ ಹೌದು ಅಂದೆ. ಹಳೇ ಕಟ್ಟಡದಲ್ಲಿ ಗೋಡೆ ಕಂಬ ಪುಕ್ಕಟೆ ಸಿಕ್ಕ ಹಾಗೆ ಕಾಣ್ತದೆ, ಖರ್ಚು ಬೇರೆ ಕಡೆ ಇರ್ತದೆ. ಬೀಡುಕಬ್ಬಿಣ ಭಾರ ಹೊರ್ತದೆ, ಆದರೆ ಬಾಗೋದಿಲ್ಲ, ಒಮ್ಮೆಲೇ ಸಿಡೀತದೆ. ಬೆಂಕಿಯಲ್ಲಿ ಕಾದ ಕಂಬಕ್ಕೆ ತಣ್ಣೀರು ಹೊಡೆದರೆ ಸೀಳಬಹುದು. ಒಂದೊಂದು ಕಂಬವನ್ನೂ ಪರೀಕ್ಷೆ ಮಾಡಿಸಬೇಕು. ಹಂಚು ತೆಗೆದು ಹಾಕಿದ ಆಸ್ಬೆಸ್ಟಾಸ್ ಶೀಟು ಇದ್ದರೆ ಅದನ್ನು ಒಡೆಯದೆ ಇಳಿಸಬೇಕು. ಬಣ್ಣದ ಖಾತೆ ಇದ್ದ ಕಡೆ ಮಣ್ಣು ಪರೀಕ್ಷಿಸದೆ ಮಕ್ಕಳ ಉದ್ಯಾನ ಮಾಡಬಾರದು. ಸುಣ್ಣದ ಗಾರೆಯ ಇಟ್ಟಿಗೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲಾರದೆ ಇಟ್ಟಿಗೆ ಉದುರ್ತದೆ. ನಮ್ಮ ಗುತ್ತಿಗೆದಾರರು ಮೊದಲು ಮಾಡೋದೇ ಅದು. ಇಷ್ಟೆಲ್ಲ ಕೂಡಿಸಿಯೂ ಛಾವಣಿ ಗಟ್ಟಿ ಇದ್ದರೆ ಲಾಭ, ಛಾವಣಿ ಹೋಗಿದ್ದರೆ ಕಷ್ಟ. ಅದಕ್ಕೇ ಮುಚ್ಚಿದ ಗಿರಣಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಕಣಿವೆಯ ಗಟಾರಿನ ಎಲೆ ತೆಗೆಯೋದು. ನೀರು ನಿಂತರೆ ಐದಾರು ಮಳೆಗಾಲಕ್ಕೆ ಛಾವಣಿ ಕೆಳಗೆ.

ಕಾನೂನು ಓದುತ್ತಿರುವ ಹುಡುಗಿಯೊಬ್ಬಳು ಕೇಳಿದಳು: ಮಾಲೀಕ ಕೆಡವ್ತೀನಿ ಅಂದರೆ ತಡೆಯೋದಕ್ಕೆ ಏನಿದೆ? ನಾನಂದೆ: ಕೇಂದ್ರದ 1958ರ ಪುರಾತತ್ವ ಕಾಯ್ದೆ ಪ್ರಕಾರ ಕಟ್ಟಡಕ್ಕೆ ನೂರು ವರ್ಷ ತುಂಬಿರಬೇಕು. ತುಂಬಿದರೂ ಗಿರಣಿಯನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸೋದನ್ನು ನಾನಂತೂ ನಿರೀಕ್ಷಿಸೋದಿಲ್ಲ. ಕೈಗೆ ಎಟಕೋ ದಾರಿ ಊರಿನ ಅಭಿವೃದ್ಧಿ ನಿಯಮದಲ್ಲಿರೋ ಪಾರಂಪರಿಕ ಕಟ್ಟಡಗಳ ಪಟ್ಟಿ. ಮುಂಬಯಿ 1995ರಲ್ಲಿ ಅದನ್ನು ತಂದಿತು. ಅದರಲ್ಲಿ ಮೂರು ದರ್ಜೆ. ಒಂದನೇ ದರ್ಜೆ ಅಂದರೆ ಮುಟ್ಟಬೇಡಿ. ಮೂರನೇ ದರ್ಜೆಯಲ್ಲಿ ಒಳಗೂ ಹೊರಗೂ ಬದಲಾವಣೆಗೆ ಬಹುಮಟ್ಟಿಗೆ ಅವಕಾಶ ಇದೆ, ಹೊಸದಾಗಿ ಸೇರಿಸಿದ್ದು ಹಳೇ ಕಟ್ಟಡಕ್ಕೆ ಹೊಂದಬೇಕು ಅಷ್ಟೇ. ಮಾಲೀಕ ಕಳೆದುಕೊಂಡ ಕಟ್ಟುವ ಹಕ್ಕಿಗೆ ಬದಲಾಗಿ ಬೇರೆ ಕಡೆ ಕಟ್ಟೋದಕ್ಕೆ ಟಿಡಿಆರ್ ಅನ್ನೋ ಹಕ್ಕುಪತ್ರ ಕೊಡೋ ಪದ್ಧತಿಯೂ ಇದೆ. ಪಟ್ಟಿಗೆ ಸೇರಿತು ಅಂದರೆ ಎಲ್ಲ ನಿಂತುಹೋಯ್ತು ಅಂತ ಮಾಲೀಕರು ಹೆದರ್ತಾರೆ, ಹೆದರಿ ಪಟ್ಟಿ ಆಗೋ ಮೊದಲೇ ರಾತ್ರೋರಾತ್ರಿ ಛಾವಣಿ ಕೀಳಿಸ್ತಾರೆ. ಗಿರಣಿ ಖಾತೆಗಳನ್ನು ಮೂರನೇ ದರ್ಜೆಗೆ ಸೇರಿಸಿ ಅಂತ ಕೇಳಿದರೆ ಆ ಹೆದರಿಕೆ ಕಡಿಮೆ ಆಗಬಹುದು. ಅರ್ಜಿಗೆ ಮೊದಲು ಬೇಕಾಗೋದು ಸರ್ವೇ ನಂಬರು, ನಕಾಶೆ, ಈಗಿನ ಸ್ಥಿತಿಯ ಫೋಟೋ. ಹುಡುಗಿ ಅದನ್ನೆಲ್ಲ ಬರೆದುಕೊಂಡು, ನಕಾಶೆ ಸಿಟಿ ಸರ್ವೇ ಕಚೇರಿಯಲ್ಲಿ ಸಿಗ್ತದಾ ಅಂತ ಕೇಳಿದಳು. ಸಿಗ್ತದೆ, ಅರ್ಜಿ ಕೊಟ್ಟು ನಕಲು ತಗೋಬೇಕು ಅಂದೆ.